ದೀಪದ ಕೆಳಗಿನ ಹಸಿರು

"ಇದು ನಮ್ಮ ಶಾಲೆಯ ಹಸಿರಲ್ಲ," ಎಂದರು ಮಿಸ್ ಪಿಲ್ಲಿಂಗ್, ಅಂಗೈಯಗಲದ ಬಟ್ಟೆಯ ತುಂಡೊಂದನ್ನು ಹುಡುಗಿಯ ಭುಜಕ್ಕೆ ಒತ್ತಿ ಹಿಡಿದು. ಶಾಲೆ ತೆರೆದ ಮೊದಲ ಬೆಳಗು; ಹೊಸ ಹುಡುಗಿಯರ ಸಮವಸ್ತ್ರದ ತಪಾಸಣೆ. ಲ್ಯಾಂಕಶೈರಿನ ಗಿರಣಿಗಳ ಹೊಗೆಯೂ ಮೋಡವೂ ಒಂದಾಗಿ ಕವಿದಿದ್ದರಿಂದ ಮೊಗಸಾಲೆಯಲ್ಲಿ ಹಗಲಲ್ಲೇ ದೀಪ ಹಾಕಿದ್ದರು. ಆ ಹಳದಿ ಬೆಳಕಿನಲ್ಲಿ ತುಂಡು ಕಡುಹಸಿರು. ಕೋಟು ಮಾತ್ರ ಕಂದು ಕಂದು.

"ಬೇಯಿಸಿದ ಬಟಾಣಿ ಕಣೇ!" ಎಂದಳು ಸಾಲಿನ ಹಿಂದಿನಿಂದ ಯಾರೋ. ಕಿಸಕ್ಕನೆ ನಗು ಹರಿಯಿತು.

ಹುಡುಗಿಯ ಹೆಸರು ಎನಿಡ್ ಕ್ಲೆಗ್. ಹನ್ನೊಂದು ವರ್ಷ. ಅವಳ ಬೀದಿಯಿಂದ ಪರೀಕ್ಷೆ ಗೆದ್ದು ಈ ಶಾಲೆಗೆ ಬಂದವಳು ಅವಳೊಬ್ಬಳೇ. ಅವಳ ಪ್ರಬಂಧ ತಿದ್ದಿದ್ದು ಮಿಸ್ ಪಿಲ್ಲಿಂಗರೇ. ಓದಿ, ಇನ್ನೊಮ್ಮೆ ಓದಿ, ಬಹಳ ಹೊತ್ತು ಕೆಳಗಿಡದೆ ಕುಳಿತಿದ್ದರು.

"ಈ ಕೋಟು ಎಲ್ಲಿಂದ ಬಂತು?"

"ಅಮ್ಮಂದು, ಮಿಸ್. ಕತ್ತರಿಸಿ ಹೊಲಿದ್ರು. ಅಪ್ಪ ಬಣ್ಣ ಹಾಕಿದ್ರು."

ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಅಪ್ಪ ಎರಡು ಹೆಜ್ಜೆ ಒಳಗೆ ಬಂದ. "ವಾಲ್ಟರ್ ಕ್ಲೆಗ್ ಅಂತ, ಮಿಸ್. ಬಣ್ಣದ ಕಾರ್ಖಾನೆಯವನು. ಹಸಿರನ್ನ ದೀಪದ ಕೆಳಗೆ ನೋಡಬಾರದು. ದೀಪ ಸುಳ್ಳು ಹೇಳುತ್ತೆ. ಅಗೋ, ಅಲ್ಲಿ ಉತ್ತರದ ಕಡೆ ಕಿಟಕಿ ಇದೆಯಲ್ಲ, ಅಲ್ಲಿ ಹಿಡಿದು ನೋಡಿ."

"ಇಪ್ಪತ್ತಾರು ವರ್ಷದಿಂದ ಈ ಬಣ್ಣ ನೋಡ್ತಿದ್ದೀನಿ, ಮಿಸ್ಟರ್ ಕ್ಲೆಗ್."

"ನೀವು ನೋಡ್ತಿದ್ದೀರಿ, ನಾನು ಮಾಡ್ತಿದ್ದೀನಿ. ಬಟರ್‌ವರ್ತ್ ಅಂಗಡೀಲಿ ಮಾರ್ತಾರಲ್ಲ ನಿಮ್ಮ ಕೋಟು, ಅದರ ಬಟ್ಟೆ ಮುಳುಗಿ ಏಳೋದು ನನ್ನ ತೊಟ್ಟೀಲೇ."

ಸಾಲು ಮತ್ತೆ ನಕ್ಕಿತು. ಈ ಸಲದ ನಗು ಹುಡುಗಿಯ ಮೇಲಲ್ಲ ಎಂಬುದು ಮಿಸ್ ಪಿಲ್ಲಿಂಗರ ಕಿವಿಗೆ ತಿಳಿಯಿತು. ಕಿಟಕಿ ದೂರವೇನೂ ಇರಲಿಲ್ಲ. ಆದರೆ ಈಗ ಆ ಕಡೆ ಇಡುವ ಒಂದೊಂದು ಹೆಜ್ಜೆಯೂ ನಲವತ್ತು ಹುಡುಗಿಯರ ಮುಂದೆ ಹಿಂದಿಟ್ಟ ಹೆಜ್ಜೆಯಾಗುತ್ತಿತ್ತು.

"ಎಲ್ಲರಿಗೂ ಒಂದೇ ನಿಯಮ. ಬಟರ್‌ವರ್ತ್ ಅಂಗಡಿಯ ಕೋಟು ಹಾಕ್ಕೊಂಡು ಬರಲಿ."

"ರೇಷನ್ನಿನ ಬಟ್ಟೆ ಕೂಪನ್ನೆಲ್ಲ ಶೂಗೆ, ಲಂಗಕ್ಕೆ ಮುಗಿದುಹೋಯ್ತು ಮಿಸ್. ಯುದ್ಧ ಮುಗಿದು ಎರಡು ವರ್ಷ ಆದ್ರೂ ಸರ್ಕಾರದ ಕೈ ಇನ್ನೂ ಸಡಿಲ ಆಗಿಲ್ಲ, ನಿಮಗೇ ಗೊತ್ತು."

ಅಷ್ಟರಲ್ಲಿ ಎನಿಡ್ ಗುಂಡಿಗಳನ್ನು ಬಿಚ್ಚತೊಡಗಿದ್ದಳು. "ನಂಗೆ ಚಳಿ ಆಗಲ್ಲ, ಮಿಸ್. ಕೋಟಿಲ್ದೇನೇ ಬರ್ತೀನಿ, ದಿನಾ."

'ಹೂಂ' ಎಂಬ ಒಂದಕ್ಷರ ಸಾಕಿತ್ತು. ಮಿಸ್ ಪಿಲ್ಲಿಂಗರ ನಾಲಿಗೆಯ ತುದಿಗೂ ಬಂದಿತ್ತು. ಬಾಯಿಂದ ಹೊರಬಿದ್ದದ್ದು ಬೇರೆ: "ಸಾಲು ಬಿಟ್ಟು ಆಚೆ ನಿಲ್ಲು."

ವಾಲ್ಟರ್ ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗುಂಡಿಗಳನ್ನು ಒಂದೊಂದಾಗಿ ಮತ್ತೆ ಹಾಕಿದ. "ನಡಿ ಪುಟ್ಟಿ. ಮಾಸ್ ಲೇನ್ ಶಾಲೇಲಿ ಯಾರ ಬಣ್ಣಾನೂ ಕೇಳಲ್ಲ." ಪರೀಕ್ಷೆಯಲ್ಲಿ ಸೋತ ಮಕ್ಕಳ ಶಾಲೆ ಅದು; ಹದಿನೈದು ತುಂಬಿದೊಡನೆ ಅಲ್ಲಿಂದ ನೇರ ಗಿರಣಿಗೆ ದಾರಿ.

ಉಳಿದವರ ಸರದಿ ಬೇಗ ಮುಗಿಯಿತು. ಕಾಲರು ಮಡಿಸಿ ಬಟರ್‌ವರ್ತ್ ಅಂಗಡಿಯ ಚೀಟಿ ಕಂಡರೆ ಸಾಕು, ತುಂಡು ಹಿಡಿದು ನೋಡುವ ರೂಢಿಯೇ ಇರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೂ ಹಾಡುತ್ತಿರುವಾಗ ಮಿಸ್ ಪಿಲ್ಲಿಂಗ್ ಎರಡನೆಯ ನುಡಿಗೇ ಹಾಡು ಬಿಟ್ಟರು. ಮೆಲ್ಲನೆ ಹೊರಗೆ ಬಂದು, ಗೂಟಕ್ಕೆ ತೂಗಿದ್ದ ಹೊಸ ಕೋಟೊಂದನ್ನು ಮೊಗಸಾಲೆಯ ದೀಪದಡಿ ಹಿಡಿದು ತುಂಡನ್ನು ಪಕ್ಕಕ್ಕಿಟ್ಟರು. ಬೇಯಿಸಿದ ಬಟಾಣಿ. ಇನ್ನೊಂದು ತಂದರು. ಅದೂ ಬಟಾಣಿ. ಕೈಯಲ್ಲಿದ್ದ ತುಂಡು ಯುದ್ಧಕ್ಕೆ ಮುಂಚಿನದು, ಆಗಿನ ಬಣ್ಣದ ಪಾಕವೇ ಬೇರೆ. ಕಿಟಕಿಗೆ ಒಯ್ದರು. ಅಲ್ಲಿ ತುಂಡೂ ಕೋಟೂ ಒಂದೇ ಗಿಡದ ಎರಡು ಎಲೆಗಳಂತೆ ಕೂಡಿಕೊಂಡವು.

ಸಂಜೆಯೊಳಗೆ ವಾಲ್ಟರನೇ ಬಂದಾನು ಎಂದುಕೊಂಡರು. ಬರಲಿಲ್ಲ. ಕಾಗದ ಬರೆದು ಹರಿದರು. ನಾಲ್ಕನೆಯ ದಿನ, ಶಾಲೆ ಬಿಟ್ಟೊಡನೆ, ತಾವೇ ಬಣ್ಣದ ಕಾರ್ಖಾನೆಯ ಹಬೆಯೊಳಗೆ ಹೋಗಿ ನಿಂತರು.

"ತಪ್ಪು ನನ್ನದು, ಮಿಸ್ಟರ್ ಕ್ಲೆಗ್. ದೀಪದ ಕೆಳಗೆ ಎಲ್ಲಾ ಕೋಟೂ ಹಾಗೇ ಕಾಣುತ್ತೆ. ಎನಿಡ್‌ನ ನಾಳೆನೇ ಕಳಿಸಿ. ಅದೇ ಕೋಟಲ್ಲಿ ಬರಲಿ."

ವಾಲ್ಟರ್ ಕೈ ಒರೆಸಿಕೊಂಡ. ಹಸಿರು ಒರೆಸಿ ಹೋಗುವಂಥದ್ದಲ್ಲ. "ಕೋಟೆಲ್ಲಿದೆ ಮಿಸ್? ಅವತ್ತು ಮನೆಗೆ ಹೋದವಳೇ ಕತ್ತರಿ ತಗೊಂಡು ಪಟ್ಟಿ ಪಟ್ಟಿಯಾಗಿ ಸೀಳಿಬಿಟ್ಲು. ಈಗ ಒಲೆ ಮುಂದೆ ಚಿಂದಿಚಾಪೆ ಹೆಣೀತಾ ಕೂತಿದ್ದಾಳೆ."

"ನನ್ನ ಕೂಪನ್ ಇವೆ. ಹೊಸದು ಕೊಡಿಸ್ತೀನಿ."

"ಕೊಡಿಸ್ತೀರಿ, ನಂಗೊತ್ತು. ಅವಳು ಹಾಕ್ಕೋಬೇಕಲ್ಲ. ಮತ್ತೆ ನಿಮ್ಮ ಶಾಲೆಗೇ ಹೋಗು ಅಂತ ಎರಡು ರಾತ್ರಿ ಅವಳಮ್ಮ ಬೇಡಿಕೊಂಡ್ಲು, ನಾನೂ ಹೇಳಿದೆ. ತಲೆ ಎತ್ತಲ್ಲ, ಮಾತೂ ಆಡಲ್ಲ."

ವಾಲ್ಟರ್ ಹಿಂದಿನ ಹಲಗೆಯ ಮೇಲಿಂದ ಆಗತಾನೆ ಒಣಗಿದ ಬಟ್ಟೆಯ ಅಂಚೊಂದನ್ನು ಹರಿದು ತಂದು, ತಲೆಯ ಮೇಲೆ ತೂಗುತ್ತಿದ್ದ ದೀಪದಡಿ ಹಿಡಿದ. ಕಡುಹಸಿರು, ಅಷ್ಟೂ ಕಡುಹಸಿರು.

"ನಿಮ್ಮ ಕೈಲಿದ್ದ ತುಂಡನ್ನ ಅವತ್ತೇ ಕಣ್ಣಲ್ಲಿ ತುಂಬ್ಕೊಂಡಿದ್ದೆ. ಪಾಕ ಬದಲಾಯಿಸಿದೀನಿ. ದೀಪಕ್ಕೂ ಸರಿ, ಕಿಟಕಿಗೂ ಸರಿ. ಇನ್ನು ಯಾರ ಮಗೂನೂ ಶಾಲೆ ಬಾಗಿಲಿಂದ ವಾಪಸ್ ಬರಲ್ಲ, ಮಿಸ್," ಎಂದು ಅದನ್ನು ಅವರ ಅಂಗೈಯಲ್ಲಿಟ್ಟ. ಆಮೇಲೆ, ತೊಟ್ಟಿಯ ಕಡೆ ತಿರುಗುತ್ತ, "ಬಣ್ಣದ ಕಾರಣಕ್ಕಂತೂ ಬರಲ್ಲ," ಎಂದ.