ತಡಕ್ಕೆ ಕಾರಣ

ಬಿದ್ದುಹೋಗಿದ್ದ ವಿಚ್ಛೇದನದ ಕೇಸನ್ನು ಮತ್ತೆ ನಡೆಸಬೇಕೆಂದು ಅವನು ವಕೀಲೆಯ ಎದುರು ಬಂದು ಕೂತ. ಆ ಕೇಸು ಹಾಕಿದವನೂ ಅವನೇ. ಆಮೇಲೆ ಒಂದು ವಾಯಿದೆಗೂ ಹೋಗದೆ ಅದು ವಜಾ ಆಗಲೆಂದು ಅರ್ಧಕ್ಕೇ ಬಿಟ್ಟವನೂ ಅವನೇ.

"ಇಷ್ಟು ತಡವಾಗಿದ್ದಕ್ಕೆ ಜಡ್ಜು ಕಾರಣ ಕೇಳ್ತಾರೆ. ಏನಂತ ಬರೀಲಿ?"

"ಕೇಸು ಬಿಟ್ರೆ ಅವಳು ಮನೆಗೆ ಬರ್ತಾಳೆ ಅನ್ಕೊಂಡಿದ್ದೆ ಮೇಡಂ."

"ಬರಲಿಲ್ವಾ?"

"ಇಲ್ಲ."

"ಇನ್ನೊಂದು ಮದುವೆ ಯೋಚನೆ ಏನಾದ್ರೂ ಇದ್ಯಾ? ನನ್ನ ಹತ್ರ ಮುಚ್ಚಿಡಬೇಡಿ."

"ಅಯ್ಯೋ, ಇಲ್ಲ ಮೇಡಂ."

"ಮಗಳು?"

"ಅವಳಮ್ಮನ ಹತ್ರಾನೇ ಇದಾಳೆ. ಆವಾಗ ಶನಿವಾರ ಶನಿವಾರ ಮಗೂನ ತಂದು ತೋರಿಸ್ಬೇಕು ಅಂತ ಕೋರ್ಟು ಹೇಳಿತ್ತಲ್ಲ? ಅಲ್ಲೇ ಕೋರ್ಟಿನ ಆಟದ ಕೋಣೇಲಿ ಅವಳಿಗೆ ಜಡೆ ಹಾಕ್ತಿದ್ದೆ. ಸೊಟ್ಟಗಾಗಿದೆ ಅಂತ ಅವಳಮ್ಮ ಹೊರಗಡೆ ಬೆಂಚಿನ ಮೇಲೆ ಕೂತು, ಬಿಚ್ಚಿ ಮತ್ತೆ ಹಾಕೋಳು. ಕಿಟಕೀಲಿ ಕಾಣೋದು. ಕೇಸು ಬಿತ್ತು, ಆ ಆರ್ಡರೂ ಬಿತ್ತು."

ವಕೀಲೆಗೆ ಅಯ್ಯೋ ಅನಿಸಿತು. ಸಹಿ ಹಾಕಬೇಕಾದ ಕಾಗದವನ್ನು ಅವನ ಮುಂದೆ ಸರಿಸಿದರು.

"ಇಷ್ಟಕ್ಕೆ ಯಾಕೆ ಕೊರಗ್ತೀರಿ? ಶನಿವಾರ ಮಗಳನ್ನ ನಿಮ್ಮ ಮನೆಗೇ ಕಳಿಸ್ಬೇಕು ಅಂತ ತೀರ್ಪಲ್ಲೇ ಬರೆಸೋಣ. ಈ ಸಲ ಎಳೆದಾಡೋಕೆ ಬಿಡಲ್ಲ, ಬೇಗ ಮುಗಿಸಿಕೊಡ್ತೀನಿ."

ಪೆನ್ನು ಹಿಡಿದಿದ್ದ ಅವನ ಕೈ ಕಾಗದದ ಮೇಲೆ ಹಾಗೇ ನಿಂತಿತು.

"ಮುಗಿಸಬೇಡಿ ಮೇಡಂ. ಮನೆಗಾದ್ರೆ ಮಗಳೊಬ್ಬಳೇ ಬರ್ತಾಳೆ."