ಒಂಬತ್ತನೇ ಮಹಡಿಯ ಹಿಂಬಾಗಿಲು

“ಇದೂ ಬೇಡ,” ಎಂದು ಡೈರೆಕ್ಟರ್ ಫೋಟೋವನ್ನು ಮೇಜಿನ ಆಚೆಗೆ ತಳ್ಳಿದ. “ಬರೀ ಕೊಳಚೆ, ಬರೀ ಮುರುಕು ಗೋಡೆ. ಇದನ್ನೆಲ್ಲ ಜನ ನೋಡಿ ನೋಡಿ ಸಾಕಾಗಿದೆ. ನೋಡಿದವರ ರಕ್ತ ಕುದೀಬೇಕು, ಅಂಥ ಜಾಗ ತೋರಿಸು.”

ಇರುವೆ ಎಂಬ ಅಡ್ಡಹೆಸರಿನ ಹುಡುಗಿ ಅದನ್ನು ಎತ್ತಿಟ್ಟುಕೊಂಡಳು. ಬಟ್ಟೆ ಅಂಗಡಿಯವರು ಒಳ್ಳೆಯದನ್ನು ಕೊನೆಗೆ ಬಿಚ್ಚುವ ಹಾಗೆ ಅವಳೂ ಒಂದು ಫೋಟೋವನ್ನು ಚೀಲದಲ್ಲೇ ಇಟ್ಟುಕೊಂಡಿದ್ದಳು.

ಕೊನೆಯ ವರ್ಷದ ಪರೀಕ್ಷೆಗೆಂದು ಅವರ ತಂಡ ಒಂದು ಹಾಡಿನ ವಿಡಿಯೋ ಮಾಡಬೇಕಿತ್ತು. ಉಳ್ಳವರು, ಇಲ್ಲದವರು, ನಡುವಿನ ಗೋಡೆ. ವಿಷಯ ಅದು. ಹಾಡು ಬರೆದವನೂ ಅವನೇ, ನಿರ್ದೇಶನವೂ ಅವನದೇ. ಹಾಗಾಗಿ ಇಡೀ ಕಾಲೇಜಿಗೆ ಅವನು ಡೈರೆಕ್ಟರ್. ಎಲ್ಲಿ ಬೇಕಾದರೂ ನುಸುಳುತ್ತಾಳೆಂದು ಅವಳು ಇರುವೆ. ಚಿತ್ರೀಕರಣಕ್ಕೆ ಜಾಗ ಹುಡುಕುವ ಕೆಲಸವನ್ನು ಅವಳಿಗೆ ಒಪ್ಪಿಸುವಾಗ ಅವನು ಹೇಳಿದ್ದು ಇಷ್ಟೇ: “ನಿನಗೆ ಇಂಥ ಜಾಗಗಳೆಲ್ಲ ಚೆನ್ನಾಗಿ ಗೊತ್ತಿರುತ್ತಲ್ಲ.” ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳು ಮಾತ್ರ ಮರೆಯಲಿಲ್ಲ.

ಈಗ ಆ ಫೋಟೋ ಹೊರಗೆ ಬಂತು. ದೊಡ್ಡ ಅಪಾರ್ಟ್‌ಮೆಂಟೊಂದರ ಹಿಂದಿನ ಮೆಟ್ಟಿಲು. ಮುಚ್ಚಿದ ಅಡುಗೆಮನೆ ಬಾಗಿಲು. ಅದರ ಹೊರಗೆ ಮೊಳೆಗೆ ತೂಗುಹಾಕಿದ ಒಂದು ಸ್ಟೀಲ್ ತಟ್ಟೆ, ಕಿಟಕಿಯ ಅಂಚಿನಲ್ಲಿ ಬೋರಲು ಹಾಕಿದ ಲೋಟ.

“ಏನಿದು?”

“ಕೆಲಸದವರ ತಟ್ಟೆ, ಲೋಟ. ಒಳಗೆ ತರೋ ಹಾಗಿಲ್ಲ. ಊಟ ಮೆಟ್ಟಿಲ ಮೇಲೆ. ಒಬ್ಬ ಹೆಂಗಸು ಹನ್ನೊಂದು ವರ್ಷ ಅಲ್ಲೇ ಕೂತು ಉಂಡಿದ್ದಾಳೆ.”

“ಆಮೇಲೆ?”

“ಮಂಡಿನೋವು ಶುರುವಾಯ್ತು. ಕೆಲಸದವರ ಲಿಫ್ಟ್ ಕೆಟ್ಟಿತ್ತು. ಒಂದೇ ಒಂದು ದಿನ ಮನೆಯವರ ಲಿಫ್ಟಲ್ಲಿ ಹೋದಳು. ಮನೆಯೊಡತಿ ಅವತ್ತೇ ಕೆಲಸ ಬಿಡಿಸಿದಳು. ಬಿಡಿಸೋಕೆ ಮುಂಚೆ ಆ ಲಿಫ್ಟನ್ನ ಅವಳ ಕೈಲೇ ತೊಳೆಸಿದಳು.”

ಡೈರೆಕ್ಟರನ ಮುಖ ಕೆಂಪಾಯಿತು. ಅವನ ಸಿಟ್ಟು ನಾಟಕವಲ್ಲ, ಅಷ್ಟನ್ನು ಒಪ್ಪಬೇಕು. “ಮನುಷ್ಯರಾ ಇವರು? ಇದೇ ಜಾಗ. ಮುಗೀತು. ಆದರೆ ಆ ಮನೆಯವರು ಒಪ್ಪಬೇಕಲ್ಲ?”

“ನೀನು ಕೇಳಿದರೆ ಇಲ್ಲ ಅನ್ನಲ್ಲ ಬಿಡು.”

ಹೊಗಳಿಕೆ ಎಂದುಕೊಂಡು ಅವನು ಉಬ್ಬಿದ. ಕ್ಯಾಮೆರಾ ಹಿಡಿಯುವ ಗೆಳತಿಯನ್ನು ಕರೆದು ತಾಕೀತು ಮಾಡಿದ. “ನಾಳೆ ಜಾಗ ನೋಡೋಕೆ ಹೋದಾಗಲೇ ಕ್ಯಾಮೆರಾ ಓಡ್ತಿರಲಿ. ಬಾಗಿಲು ತೆಗೆದ ಕೂಡಲೇ ಆ ಹೆಂಗಸಿನ ಮುಖ ಬೇಕು ನನಗೆ. ನಾನೇ ನಿಲ್ಲಿಸು ಅಂದರೂ ನಿಲ್ಲಿಸಬೇಡ.”

ಮೆಟ್ಟಿಲ ಮೇಲೆ ಉಂಡವಳು ಇರುವೆಯ ಅಮ್ಮ. ಅದನ್ನು ಅವಳು ತಂಡದ ಯಾರಿಗೂ ಹೇಳಿರಲಿಲ್ಲ. ಶಾಲೆಗೆ ರಜೆಯಿದ್ದ ದಿನ ಅದೇ ಮೆಟ್ಟಿಲಲ್ಲಿ ಕೂತು ಮಗ್ಗಿ ಬರೆದವಳು ಅವಳು. ಬಾಗಿಲಿನ ಸಂದಿಯಿಂದ ಕೇಳಿ ಕೇಳಿ ಆ ಮನೆಯ ಪ್ರತಿಯೊಬ್ಬರ ದನಿಯೂ ಅವಳಿಗೆ ಗೊತ್ತು. ಅವಳ ಮುಖ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಲಿಫ್ಟ್ ತೊಳೆದು ಬಂದ ದಿನ ಅಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ, “ಹೋಗ್ಲಿ ಬಿಡೇ, ದೇವರು ನೋಡ್ಕೋತಾನೆ” ಎಂದಿದ್ದಳು. ದೇವರಿಗೆ ಬಿಟ್ಟು ಕೂರುವಷ್ಟು ತಾಳ್ಮೆ ಮಗಳಿಗಿರಲಿಲ್ಲ. ಅವಳಿಗೆ ಸೇಡು ಬೇಕಿತ್ತು, ಮುಚ್ಚುಮರೆ ಯಾಕೆ? ಅಂದು ಅಮ್ಮನ ಮುಖ ಕಪ್ಪಿಟ್ಟ ಹಾಗೆ ಆ ಒಡತಿಯ ಮುಖ ಎಲ್ಲರೆದುರು ಕಪ್ಪಿಡಬೇಕು. ಅದಕ್ಕಾಗಿಯೇ ಬೇರೆ ತಂಡದವರು ಕರೆದರೂ ಹೋಗದೆ ಈ ತಂಡಕ್ಕೆ ಸೇರಿದ್ದಳು.

ಮರುದಿನ ಬೆಳಿಗ್ಗೆ ಎರಡು ಸ್ಟಾಪ್ ಮೊದಲೇ ಬಸ್ಸಿಳಿದು ಇಬ್ಬರನ್ನೂ ಸುತ್ತಿಬಳಸಿ ನಡೆಸಿದಳು. ಇಸ್ತ್ರಿ ಅಂಗಡಿ, ಗುಜರಿ ಅಂಗಡಿ, ಸಾಲಾಗಿ ಕಸದ ಡಬ್ಬಗಳು. ಕತ್ತೆತ್ತಿದರೆ ಮೈತುಂಬ ಪೈಪು ಹೊತ್ತ ಬೂದು ಗೋಡೆ. ಡೈರೆಕ್ಟರ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ.

“ಇಪ್ಪತ್ತೊಂದು ವರ್ಷದಿಂದ ಇದೇ ಊರಲ್ಲಿದ್ದೀನಿ. ಇಂಥ ಗಲ್ಲಿ ಒಂದಿದೆ ಅಂತಲೇ ಗೊತ್ತಿರಲಿಲ್ಲ.”

“ಕಾರಲ್ಲಿ ಓಡಾಡೋರಿಗೆ ಹೇಗೆ ಗೊತ್ತಾಗುತ್ತೆ?”

“ಅದೂ ಸರಿ. ಮನೆ ನೆಲಮಾಳಿಗೆಯಲ್ಲಿ ಕಾರು ಹತ್ತಿದರೆ ಕಾಲೇಜಲ್ಲೇ ಇಳಿಯೋದು.”

ಕೆಲಸದವರ ಲಿಫ್ಟ್ ಇನ್ನೂ ಕೆಟ್ಟೇ ಇತ್ತು. ಮೆಟ್ಟಿಲು ಹತ್ತಿದರು. ಐದನೇ ಮಹಡಿಗೆ ಡೈರೆಕ್ಟರನಿಗೆ ಏದುಸಿರು. ಏಳನೆಯದರಲ್ಲಿ ಕೂತೇಬಿಟ್ಟ. ಲಿಫ್ಟ್ ಕೆಟ್ಟ ಮೇಲೆ ಅಮ್ಮ ಇದನ್ನು ದಿನಕ್ಕೆ ಎರಡು ಸಲ ಹತ್ತುತ್ತಿದ್ದಳು. ಅವನು ಎದೆ ಹಿಡಿದು ಕೂತದ್ದನ್ನು ಇರುವೆ ಕಣ್ತುಂಬ ನೋಡಿದಳು. ನೋಡಿ ಖುಷಿಪಟ್ಟಳು.

ಒಂಬತ್ತರಲ್ಲಿ ತಟ್ಟೆ ಮೊಳೆಯಲ್ಲೇ ತೂಗುತ್ತಿತ್ತು. ಉಣ್ಣುವವರು ಬದಲಾಗಿದ್ದರು, ಜಜ್ಜಿದ ಅಂಚು ಅಮ್ಮನ ಕಾಲದ್ದೇ. ಡೈರೆಕ್ಟರ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ಇರುವೆಗೆ ಅಯ್ಯೋ ಅನ್ನಿಸಿತು. ಒಂದು ಗಳಿಗೆ, ಅಷ್ಟೇ.

“ಬೆಲ್ ಎಲ್ಲಿ?”

“ಈ ಕಡೆ ಬೆಲ್ ಇಲ್ಲ. ಎರಡು ಸಲ ತಟ್ಟಿ ಕಾಯಬೇಕು. ನೀನೇ ತಟ್ಟು.”

ತಟ್ಟಿದ. ಒಳಗಿನ ನಾಯಿ ಎದ್ದು ಬಂತು. ಅಮ್ಮ ಬಂದಾಗಲೆಲ್ಲ ಬಾಗಿಲು ಮುರಿಯುವ ಹಾಗೆ ಬೊಗಳುತ್ತಿದ್ದ ನಾಯಿ ಅದು. ಈ ದಿನ ಬೊಗಳಲಿಲ್ಲ. ಕುಂಯ್‌ಗುಡುತ್ತ ಬಾಗಿಲು ಕೆರೆಯತೊಡಗಿತು.

“ನೋಡಿದ್ಯಾ? ನಾಯಿಗಳಿಗೆ ನಾನಂದ್ರೆ ಪ್ರಾಣ,” ಎಂದು ಡೈರೆಕ್ಟರ್ ಪಿಸುಗುಟ್ಟಿದ.

ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಒಳಗೆ ಚಿಲಕ ಸರಿಯಿತು. ಬಾಗಿಲು ತೆರೆದ ಒಡತಿಯ ಕಣ್ಣು ಮೊದಲು ತಟ್ಟೆಯ ಮೇಲೆ ಬಿತ್ತು, ಆಮೇಲೆ ಅದನ್ನು ಹಿಡಿದವನ ಮೇಲೆ.

“ಯಾಕೋ ಮಗನೇ, ನಮ್ಮನೆ ಮುಂಬಾಗಿಲು ಬಿಟ್ಟು ಇಲ್ಲಿಂದ ಬಂದೆ? ಮೊದಲು ಆ ತಟ್ಟೆ ಕೆಳಗಿಡು, ಒಳಗೆ ಬಂದು ಕೈ ತೊಳ್ಕೋ.”