ಶಟರಿನಾಚೆ ಕೂತ ಕರೆಗಳು

ಮಧ್ಯಾಹ್ನ ಶಟರ್ ಎಳೆದು ಅಂಗಡಿಯೊಳಗೇ ಸಣ್ಣದೊಂದು ನಿದ್ದೆ ತೆಗೆಯುವುದು ಗಡಿಯಾರ ರಿಪೇರಿಯ ಫಕ್ಕೀರಪ್ಪನ ರೂಢಿ. ಕಬ್ಬಿಣ ದಾಟಲಾರದ ಫೋನ್ ಕರೆಗಳು ಎಂದಿನಂತೆ ಗುಬ್ಬಿಗಳ ಹಾಗೆ ಹೊರಗೆ ಕಾದು ಕೂತಿದ್ದವು. ಎದ್ದು ಶಟರ್ ಎತ್ತಿದ್ದೇ ತಡ, ಬಂದ ಸರದಿಯಲ್ಲೇ ಒಳಗೆ ಹಾರಿದವು.

“ಏನ್ರೀ, ನೀಲವ್ವ ಬ್ಯಾನಿ ತಿನ್ನಾಕತ್ತಾಳ್ರೀ,” ಎಂದಿತು ಮಗಳ ಹೆರಿಗೆಗೆಂದು ಬೆಳಗಾವಿಗೆ ಹೋದ ಹೆಂಡತಿಯ ದನಿ.

“ಎಲ್ಲಿದ್ದೀರಿ? ಮಗಳಿಗೆ ಆಪರೇಷನ್ ಮಾಡಬೇಕಂತ!” ಎಂದಿತು ಎರಡನೆಯದು.

ಮೂರನೆಯದು ಗಡಿಯಾರಗಳ ಸುತ್ತ ಒಮ್ಮೆ ಹಾರಿತು. ಆಮೇಲೆ ಕೂಸೊಂದು ಗಂಟಲು ಹರಿಯುವಂತೆ ಅತ್ತಿತು.

“ಕೇಳ್ರಿ, ನಿಮ್ಮ ಮೊಮ್ಮಗಳು! ನೀಲವ್ವನೂ ಆರಾಮ ಅದಾಳ.”

ಸುದ್ದಿ ಮುಟ್ಟಿಸಿದ ಕರೆ ಬಾಗಿಲತ್ತ ತಿರುಗಿತು. ಫಕ್ಕೀರಪ್ಪ ಓಡಿಹೋಗಿ ಶಟರನ್ನು ಸರ್ರನೆ ಕೆಳಗೆಳೆದ. ಬೆಳಗಾವಿ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಅಲ್ಲಿಯವರೆಗೆ ಮೊಮ್ಮಗಳು ಇಲ್ಲೇ ಅಳಲಿ.